ಕೆಲಸಕ್ಕೆ ಸೇರುವ ಮೊದಲೇ ಬರೆದು ಕೇಳು

ಬಳ್ಳಾರಿ

ಪ್ರೀತಿಯ ಮಗಳೇ,

ಆಫರ್ ಲೆಟರ್ ಬಂತು ಅಂತ ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ನೀನು ರಾತ್ರಿ ಕಳಿಸಿದ ಮೆಸೇಜು ಮಾತ್ರ ಬೇರೆ: "ಅವ್ವಾ, ನನಗೆ ಆಟಿಸಂ ಇದೆ ಅಂತ ಆಫೀಸಿನಲ್ಲಿ ಹೇಳಬೇಕಾ? ಹೇಳಿದರೆ ಕೆಲಸ ಕೊಡ್ತಾರಾ?" ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನಿನಗೆ ನಿಲ್ಲುವುದಿಲ್ಲ. ಬರೆದದ್ದನ್ನು ನಾಲ್ಕು ಸಲ ಓದುತ್ತೀಯ. ಅದಕ್ಕೇ ಪತ್ರ.

ಹೇಳು ಅಂತಲೇ ನಾನು ಅನ್ನುವುದು. ಆದರೆ ಎಲ್ಲರಿಗೂ ಬೇಡ, ಎಲ್ಲವನ್ನೂ ಬೇಡ. ಎಚ್.ಆರ್. ಅವರಿಗೆ ಮತ್ತು ನಿನಗೆ ಕೆಲಸ ಹಚ್ಚುವ ಮ್ಯಾನೇಜರಿಗೆ ಗೊತ್ತಿದ್ದರೆ ಸಾಕು. ಪಕ್ಕದ ಸೀಟಿನವರಿಗೆ ನಿನ್ನ ಚಿಕ್ಕಂದಿನ ಕಥೆ ಯಾಕೆ? ದೊಡ್ಡಮ್ಮ "ನಾಳೆ ಸಂಬಂಧ ನೋಡುವಾಗ ತೊಂದರೆ ಆಗ್ತದ, ಮುಚ್ಚಿಡ್ರಿ" ಅನ್ನುತ್ತಾಳೆ. ಸಂಬಂಧದ ಮಾತು ಆಮೇಲೆ. ಈಗಿನದು ದಿನಾ ಎಂಟು ತಾಸು ನೀನು ಕೂರುವ ಕುರ್ಚಿಯ ಮಾತು.

ಕೇಳುವಾಗ "ನನಗೆ ಸ್ವಲ್ಪ ಸಹಾಯ ಮಾಡಿ" ಅಂತ ಬರೆಯಬೇಡ. ಸಹಾಯ ಅಂದರೆ ಏನು ಮಾಡಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ಹೋದ ವರ್ಷ ಇಲ್ಲಿ ಆಡಿಟ್ ಆಫೀಸಿಗೆ ಹೋಗುತ್ತಿದ್ದೆಯಲ್ಲ, ಅದನ್ನೇ ನೆನಪಿಸಿಕೋ. ನಿನ್ನ ಟೇಬಲ್ ಬಾಗಿಲ ಹತ್ತಿರ, ಪಕ್ಕದಲ್ಲೇ ಪ್ರಿಂಟರ್, ಮೇಲೆ ಪಟಪಟ ಅನ್ನುವ ಟ್ಯೂಬ್‌ಲೈಟ್. ಸಾಹೇಬರು ಓಡಾಡುತ್ತಲೇ ಮೂರು ಕೆಲಸ ಹೇಳಿ ಹೋಗುತ್ತಿದ್ದರು. ಸಂಜೆ ಬಂದು ಊಟ ಬೇಡ ಅಂತ ಕತ್ತಲೆ ಕೋಣೆಯಲ್ಲಿ ಮಲಗಿಬಿಡುತ್ತಿದ್ದೆ. ಆಮೇಲೆ ಅಲ್ಲಿಯ ಸೀನಿಯರ್ ಅಕ್ಕ ಒಬ್ಬರು ದಿನದ ಕೆಲಸವನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸತೊಡಗಿದರು. ಅದೇ ವಾರ ಖರೀದಿ ಲೆಕ್ಕದಲ್ಲಿ ಒಂದೇ ಬಿಲ್ ಎರಡು ಸಲ ಹತ್ತಿದ್ದನ್ನು ಹಿಡಿದವಳು ನೀನೇ ಅಲ್ವಾ? ಇನ್ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಚೀಟಿಗೆ ಅವರಿಗೆ ಎಷ್ಟು ಖರ್ಚಾಯಿತು?

ಹಾಗಾಗಿ ಇಷ್ಟು ಕೇಳು. ಓಡಾಟದ ದಾರಿಯಲ್ಲಿಲ್ಲದ, ದಿನಾ ಬದಲಾಗದ ಒಂದು ಸೀಟು. ಗದ್ದಲ ಜಾಸ್ತಿಯಾದಾಗ ಹೆಡ್‌ಫೋನ್ ಹಾಕಿಕೊಳ್ಳಲು ಅನುಮತಿ. ಬಾಯಲ್ಲಿ ಹೇಳಿದ ಕೆಲಸವನ್ನು ಮೇಲ್‌ನಲ್ಲೂ ಕಳಿಸಲಿ, ಯಾವುದು ಮೊದಲು, ಯಾವತ್ತಿಗೆ ಬೇಕು ಅಂತ ಸಹಿತ. ಮೀಟಿಂಗ್ ಇದ್ದರೆ, ಸಮಯ ಬದಲಾದರೆ, ಮೊದಲೇ ತಿಳಿಸಲಿ. ಒಂದೊಂದರ ಮುಂದೆಯೂ ಅದರಿಂದ ಕೆಲಸಕ್ಕೆ ಏನಾಗುತ್ತದೆ ಅಂತ ಒಂದು ಸಾಲು ಹಾಕು. "ಬರಹದಲ್ಲಿ ಕೊಟ್ಟರೆ ತಪ್ಪಿಲ್ಲದೆ, ಹೇಳಿದ ದಿನಕ್ಕೆ ಮುಗಿಸುತ್ತೇನೆ." ಇದು ಬೇಡಿಕೊಳ್ಳುವ ಮಾತಲ್ಲ, ಲೆಕ್ಕದ ಮಾತು. ಲೆಕ್ಕ ನಿನಗೆ ನಾನು ಕಲಿಸಬೇಕಾ!

ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಇದು ದಿನಾ ನಡೆಯುವುದೇ. ಕಣ್ಣು ಮಂಜಾದ ಹೆಂಗಸಿಗೆ ಕಿಟಕಿ ಪಕ್ಕದ ಮಷಿನ್ ಕೊಟ್ಟಿದ್ದಾರೆ. ಸೊಂಟ ನೋವಿನ ಜಿಪ್ಪು ಹಚ್ಚುವ ಮಾಮನಿಗೆ ಎತ್ತರದ ಸ್ಟೂಲು. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂರಲು ಆಗುವುದಿಲ್ಲ ಅಂತ ಎಲ್ಲರೂ ಕೇಳಿಕೊಂಡು ಬೆಳಿಗ್ಗೆ ಬೇಗ ಶುರು ಮಾಡುತ್ತೇವೆ. ಮಾಲೀಕನಿಗೆ ಬೇಕಾದದ್ದು ಪೀಸು. ಅದು ಬಂದರೆ ಸ್ಟೂಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್ನು ಕಾನೂನು. ನಿನ್ನ ತಮ್ಮ ಓದಿ ಹೇಳಿದ್ದನ್ನು ಬರೆದುಕೊಂಡಿದ್ದೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆಟಿಸಂ ಅದರಲ್ಲೊಂದು. ಇಂಥ ಅನುಕೂಲ ನಿರಾಕರಿಸುವುದನ್ನು ಆ ಕಾಯ್ದೆ ತಾರತಮ್ಯದ ಲೆಕ್ಕಕ್ಕೇ ಸೇರಿಸಿದೆ. ಆದರೆ ಸಂಸ್ಥೆಗೆ ಅಳತೆ ಮೀರಿದ ಹೊರೆ ಆಗಬಾರದು ಅಂತಲೂ ಇದೆ. ನೀನು ಕೇಳುವುದು ಸೀಟು ಮತ್ತು ಮೇಲು, ಅದೇನು ಹೊರೆ? 20 ಅಥವಾ ಹೆಚ್ಚು ಜನ ಇರುವ ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿ ಬರೆದಿಟ್ಟು, ಅದಕ್ಕೊಬ್ಬ ಸಂಪರ್ಕ ಅಧಿಕಾರಿಯನ್ನು ಇಡಬೇಕು. ನಿನ್ನ ಆಫೀಸಿನ ನೀತಿ ಎಲ್ಲಿದೆ ಅಂತ ಎಚ್.ಆರ್. ಅವರನ್ನು ಕೇಳಿ ಓದು.

ವೈಕಲ್ಯದ ಸರ್ಟಿಫಿಕೇಟಿನಲ್ಲಿ ಪರ್ಸೆಂಟ್ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡ. 40 ಪರ್ಸೆಂಟ್ ಬೇಕಾಗುವುದು ಸರ್ಕಾರಿ ಕೆಲಸದ ಮೀಸಲಾತಿಗೆ. ಅನುಕೂಲ ಕೇಳಲು ಅದೇ ಗೆರೆ ಅಲ್ಲ. 2021ರಲ್ಲಿ ವಿಕಾಸ್ ಕುಮಾರ್ ಅನ್ನುವವರ ಪ್ರಕರಣದಲ್ಲಿ, ಪರೀಕ್ಷೆಯಲ್ಲಿ ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರನ್ನು ಒದಗಿಸುವ ವಿಚಾರವಾಗಿ, ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ.

ಇನ್ನೂ ಕೆಲಸ ಹುಡುಕುತ್ತಿರುವ ನಿನ್ನ ಗೆಳತಿಗೂ ಒಂದು ಮಾತು ಹೇಳು. ಇಂಟರ್‌ವ್ಯೂಗೆ ಮೊದಲೇ ಕೇಳಬಹುದು: ಪ್ರಶ್ನೆಗಳನ್ನು ಮುಂಚೆ ಕಳಿಸಿ, ಇಲ್ಲವೇ ಮಾತಿನ ಬದಲು ಕೆಲಸ ಕೊಟ್ಟು ನೋಡಿ ಅಂತ. "ನಿಮ್ಮ ಬಗ್ಗೆ ಹೇಳಿ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ನನಗೂ ಗೊತ್ತಾಗುವುದಿಲ್ಲ ಬಿಡು.

ಎದುರಿಗೆ ಕೂತು ಮಾತಾಡಿದರೂ, ಆ ಸಂಜೆಯೇ "ನಾವು ಇಂತಿಂಥದ್ದು ಮಾತಾಡಿದೆವು" ಅಂತ ಒಂದು ಮೇಲ್ ಹಾಕು. ಮ್ಯಾನೇಜರ್ ನಾಳೆ ಬದಲಾದರೂ ಅದು ಇರುತ್ತದೆ. ಆಗುವುದಿಲ್ಲ ಅಂದರೆ ಯಾಕೆ ಅಂತ ಬರಹದಲ್ಲೇ ಕೇಳು, ಬದಲಿಗೆ ಏನು ಮಾಡಬಹುದು ಅಂತಲೂ ಕೇಳು. ಅದಕ್ಕೂ ಬಗ್ಗದಿದ್ದರೆ ದೂರು ಕೊಡಲು ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲೇ ಇದೆ. ಮೊದಲ ದಿನವೇ ಅದರ ಹೆಸರು ಎತ್ತಬೇಡ ಮತ್ತೆ.

ಮೇಲ್ ಬರೆದು ಮೊದಲು ನನಗೆ ಕಳಿಸು. ಇಂಗ್ಲಿಷ್ ತಮ್ಮ ನೋಡುತ್ತಾನೆ. ಎಲ್ಲಾದರೂ "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ" ಅಂತಿದ್ದರೆ ಆ ಸಾಲನ್ನು ನಾನು ಹೊಡೆದು ಹಾಕುತ್ತೇನೆ. ಸರ್ಟಿಫಿಕೇಟಿನ ಝೆರಾಕ್ಸ್, ಶೇಂಗಾ ಚಟ್ನಿಪುಡಿ ಎರಡನ್ನೂ ಅಪ್ಪ ಹಂಪಿ ಎಕ್ಸ್‌ಪ್ರೆಸ್ಸಿಗೆ ಬರುವಾಗ ತರುತ್ತಾರೆ.

ನಿನ್ನ ಅವ್ವ