ಭುಜದ ಆಪರೇಷನ್ ಆಗಿದೆ, ಆಟಕ್ಕೆ ಕರೆಯಬೇಡಿ

ಗೆಳೆಯರೇ, ನಮ್ಮ ಕಬಡ್ಡಿ ತಂಡದ ಲೆಫ್ಟ್ ಕಾರ್ನರ್ ಹುಡುಗನ ಭುಜದ ಆಪರೇಷನ್ ಚೆನ್ನಾಗಿ ಆಗಿದೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್, ಬ್ಯಾಂಕಾರ್ಟ್ ರಿಪೇರಿ ಅಂತಾರೆ. ಪದೇಪದೇ ಕೀಲು ತಪ್ಪಿ, ಭುಜದ ಕೀಲಿನ ಗುಂಡಿಯ ಅಂಚಿನ ಲೇಬ್ರಮ್ (ಮೃದು ಅಂಗಾಂಶದ ಬಳೆ) ಹರಿದಿತ್ತು. ಮೂಳೆಯೊಳಗೆ ಕೂರುವ ಪುಟ್ಟ ಮೊಳೆಯಂಥ ಆಂಕರ್ ಹಾಕಿ ಅದನ್ನು ಮೂಳೆಗೆ ಹೊಲಿದಿದ್ದಾರೆ. ನೋವು ಬೇಗ ಇಳಿಯುತ್ತದೆ, ಆದರೆ ಹೊಲಿದ ಜಾಗ ಕೂಡಿಕೊಳ್ಳಲು ವಾರಗಳೇ ಬೇಕು. ನೋವಿಲ್ಲ ಅಂತ ಬೇಗ ಆಟಕ್ಕಿಳಿದು ಎಡವಟ್ಟು ಆಗುವುದು ಇಲ್ಲೇ! ಸಾಮಾನ್ಯವಾಗಿ 4ರಿಂದ 6 ವಾರ ಸ್ಲಿಂಗ್ (ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿ), ಆಮೇಲೆ ಫಿಸಿಯೋ. ಕಬಡ್ಡಿಗೆ ಇಳಿಯಲು ಸುಮಾರು 6 ತಿಂಗಳು, ಅದೂ ಡಾಕ್ಟರ್ ಒಪ್ಪಿದರೆ. "ಸುಮ್ನೆ ಒಂದು ಮ್ಯಾಚ್ ಬಾರೋ" ಅಂತ ಕರೆಯಬೇಡಿ. ನೋಡಲು ಹೋದಾಗ ಭುಜ ತಟ್ಟುವುದೂ ಬೇಡ.

ಇನ್ನೊಂದು ಮಾತು. ಮೈದಾನದಲ್ಲಿ ಯಾರ ಭುಜ ಜಾರಿದರೂ ನೀವೇ ಎಳೆದು ಕೂರಿಸಬೇಡಿ. ಮೂಳೆ ಮುರಿದಿರಬಹುದು, ನರಕ್ಕೂ ಏಟಾಗಬಹುದು. ಕೈ ಅಲ್ಲಾಡದಂತೆ ಟವೆಲ್ ಕಟ್ಟಿ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ.