ಕೀ ಕಾಕರ್‌ಗೆ ಹೊರಟಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೀ ಕಾಕರ್ ಅಂದರೆ ಮಧ್ಯ ಅಮೆರಿಕದ ಬೆಲೀಜ್ ದೇಶದ ಒಂದು ಪುಟ್ಟ ದ್ವೀಪ. ಬೆಲೀಜ್ ಸಿಟಿಯಿಂದ ವಾಟರ್ ಟ್ಯಾಕ್ಸಿ ಹತ್ತಿದರೆ ದ್ವೀಪಕ್ಕೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅಲ್ಲಿ ನಡಿಗೆ, ಸೈಕಲ್ಲು, ಇಲ್ಲವೇ ಗಾಲ್ಫ್ ಕಾರ್ಟು. ಲಗೇಜು ಕಡಿಮೆ ಮಾಡಿ.

ದಯವಿಟ್ಟು ಗಂಟೆಗೊಂದು ಪ್ಲಾನ್ ಹಾಕಬೇಡಿ. 'ಗೋ ಸ್ಲೋ' ಅನ್ನೋದೇ ಆ ಊರಿನ ಧ್ಯೇಯವಾಕ್ಯ, ನಾವೂ ಹಾಗೇ ಇರೋಣ. ಸಂಜೆ ಎಲ್ಲರೂ ಸೇರೋದು 'ಸ್ಪ್ಲಿಟ್' ಹತ್ತಿರ. 1961ರ ಹ್ಯಾಟಿ ಚಂಡಮಾರುತ ದ್ವೀಪವನ್ನು ಸೀಳಿದ ಜಾಗ ಅದು. ಆಮೇಲೆ ಊರಿನವರೇ ಅಗೆದು ದೋಣಿಗೆ ದಾರಿ ಮಾಡಿಕೊಂಡರು. ನೀರು ತಿಳಿಯಾಗಿದ್ದರೂ ಮಧ್ಯದಲ್ಲಿ ಸೆಳೆತ ಜೋರು, ದೋಣಿಗಳೂ ಓಡಾಡುತ್ತವೆ. ಮಕ್ಕಳನ್ನು ದಡದ ಪಕ್ಕದಲ್ಲೇ ಈಜಿಸಿ.

ಸಸ್ಯಾಹಾರಿಗಳು ಗಮನಿಸಿ: ಬೆಳಗಿನ ತಿಂಡಿಗೆ ಫ್ರೈ ಜ್ಯಾಕ್ ಸಿಗುತ್ತೆ, ನಮ್ಮ ಪೂರಿಯ ಹಾಗೆ ಉಬ್ಬಿರುತ್ತೆ, ಬೀನ್ಸ್ ಜೊತೆ ಚೆನ್ನಾಗಿರುತ್ತೆ. ಆದರೆ ಬೀನ್ಸ್ ಬೇಯಿಸುವಾಗ ಕೆಲವರು ಹಂದಿಮಾಂಸ ಹಾಕ್ತಾರೆ. ತೆಂಗಿನಹಾಲಿನ ರೈಸ್ ಆ್ಯಂಡ್ ಬೀನ್ಸ್‌ಗೂ ಇದೇ ಮಾತು. ಕೇಳಿಯೇ ಆರ್ಡರ್ ಮಾಡಿ.

ದ್ವೀಪದ ಹತ್ತಿರದ ಹವಳದ ದಿಬ್ಬಗಳಿರುವ ಹೋಲ್ ಚಾನ್ 1987ರಿಂದಲೂ ಸಂರಕ್ಷಿತ ಸಮುದ್ರ. ಅಲ್ಲಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಹಾಕಿಕೊಂಡು ಈಜೋದು) ಮಾಡುವಾಗ ಹವಳದ ಮೇಲೆ ಕಾಲಿಡಲೇಬೇಡಿ, ಅದು ಜೀವ. ಮೈಗೆ ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಈಜುಡುಪು ಹಾಕಿಕೊಂಡರೆ ಇನ್ನೂ ಒಳ್ಳೆಯದು. ದೋಣಿಯಲ್ಲಿ ಬೇರೆ ದೇಶದವರೂ ಇರ್ತಾರೆ. ನಾವು ನಾವೇ ಕನ್ನಡದಲ್ಲಿ ಮಾತಾಡಿಕೊಂಡು ಕೂರದೆ ಅವರನ್ನೂ ಸೇರಿಸಿಕೊಳ್ಳಿ.

ಒಂದು ಅಮೆರಿಕನ್ ಡಾಲರ್‌ಗೆ 2 ಬೆಲೀಜ್ ಡಾಲರ್. ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಮೊದಲೇ ಕೇಳಿ. ಸೊಳ್ಳೆ ಔಷಧ ಮರೆಯಬೇಡಿ. ಬರುವವರು ಈ ಭಾನುವಾರದೊಳಗೆ ಇಲ್ಲೇ ಹೆಸರು ಹಾಕಿ, ರೂಮ್ ಹಂಚಬೇಕು.