ಆ ನಾಲ್ಕು ಸಾಲು

ತೀರ್ಥಹಳ್ಳಿ

ಪ್ರೀತಿಯ ತಂಗಿ,

ಆರಿದ್ರಾ ಮಳೆ ಹಿಡಿದು ಕೂತಿದೆ, ಕರೆಂಟಿಲ್ಲ. ಭೌತವಿಜ್ಞಾನಿ ಲೀಸ್ ಮೈಟ್ನರ್ ಬಗೆಗಿನ ನಿನ್ನ ಹಸ್ತಪ್ರತಿಯನ್ನು ಲಾಟೀನು ಬೆಳಕಲ್ಲೇ ಓದಿ ಮುಗಿಸಿದೆ. ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರು ಅಂತೆಲ್ಲ ಕೇಳಿದ್ದೀಯ. ಅದು ಆಮೇಲಿನ ಮಾತು. ‘ಇದನ್ನು ಸುಟ್ಟುಬಿಡಲೇ?’ ಅಂತ ಕೊನೆಗೆ ಬರೆದಿದ್ದೀಯಲ್ಲ, ಬೇಡ. ಈ ಥಂಡಿಯಲ್ಲಿ ಹೊತ್ತಿಕೊಳ್ಳುವುದೂ ಇಲ್ಲ.

ಬರ್ಲಿನ್ ಭಾಗ ಚೆನ್ನಾಗಿದೆ. 1907ರಲ್ಲಿ ವಿಯೆನ್ನಾದಿಂದ ಬಂದ ಡಾಕ್ಟರಮ್ಮನಿಗೆ ಹೆಂಗಸು ಅಂತ ಪ್ರಯೋಗಾಲಯದೊಳಗೆ ಪ್ರವೇಶವಿಲ್ಲ; ಹಳೆಯ ಮರಗೆಲಸದ ಕೋಣೆಯೇ ಗತಿ. ಪಾಯಖಾನೆಗೂ ಬೀದಿಯ ಹೋಟೆಲಿಗೆ ಹೋಗಬೇಕಿತ್ತು ಅನ್ನುವ ಒಂದೇ ಸಾಲು ಸಾಕಿತ್ತು. ಅದರ ಕೆಳಗೆ ನೀನು ಒಂದಿಡೀ ಪುಟ ಅತ್ತಿದ್ದೀಯ.

1938ರಲ್ಲಿ ಹಿಟ್ಲರನ ಜರ್ಮನಿಯಿಂದ ಹತ್ತು ಮಾರ್ಕ್ ಇಟ್ಟುಕೊಂಡು ಗಡಿ ದಾಟಿದ್ದಕ್ಕೆ ಹನ್ನೆರಡು ಪುಟ. 1944ರ ನೊಬೆಲ್ ಆಕೆಯ ಜೊತೆ ದುಡಿದ ರಸಾಯನವಿಜ್ಞಾನಿ ಹಾನ್ ಒಬ್ಬನಿಗೇ ಹೋದದ್ದಕ್ಕೆ ಹದಿನೆಂಟು. ಸಿಟ್ಟು ಸರಿಯಾದದ್ದೇ. ಆದರೆ ಸ್ವೀಡನ್ನಿನ ಕುಂಗೆಲ್ವ್‌ನ ಹಿಮದಲ್ಲಿ ಆಕೆ, ಅಕ್ಕನ ಮಗ ಫ್ರಿಶ್ ನಡೆದ ಆ ದಿನಕ್ಕೆ ನಾಲ್ಕೇ ಸಾಲು: ‘ಅವರಿಗೆ ಎಲ್ಲವೂ ಹೊಳೆಯಿತು.’ ಏನು ಹೊಳೆಯಿತು? ನಿನಗೆ ಹೊಳೆದಿಲ್ಲ, ಅಷ್ಟೆ. ಆಕೆ ಏನು ಮಾಡಿದಳು ಅಂತ ಗೊತ್ತಿಲ್ಲದವನಿಗೆ, ಆಕೆಯಿಂದ ಏನು ಕಸಿದರು ಅಂತ ಹೇಗೆ ಗೊತ್ತಾಗಬೇಕು?

ಹಿತ್ತಲಿಗೆ ಹೋಗು. ಕೆಸುವಿನ ಎಲೆಯ ಮೇಲೆ ದೊಡ್ಡ ಹನಿ ನಿಂತಿರುತ್ತದೆ. ಮೆಲ್ಲಗೆ ಅಲುಗಿಸು. ಹನಿ ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ, ಎರಡಾಗುತ್ತದೆ. ಯುರೇನಿಯಂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸನ್ನು ಅವರು ಕಂಡದ್ದು ಹೀಗೆ. ಒಳಗೆ 92 ಪ್ರೋಟಾನುಗಳು ಒಂದನ್ನೊಂದು ತಳ್ಳುತ್ತ ಹನಿಯ ಬಿಗಿ ಸಡಿಲಿಸಿರುತ್ತವೆ. ಒಂದು ನ್ಯೂಟ್ರಾನ್ ತಾಗಿದರೆ ಸಾಕು. ಯುರೇನಿಯಂಗೆ ನ್ಯೂಟ್ರಾನ್ ತಾಗಿಸಿದ ಹಾನ್ ಮತ್ತು ಸ್ಟ್ರಾಸ್‌ಮನ್‌ಗೆ ಅದಕ್ಕಿಂತ ತೀರ ಹಗುರಾದ ಬೇರಿಯಂ ಸಿಕ್ಕಿದ್ದು ಅದಕ್ಕೇ. ಚೂರುಗಳು ಹಾರುವ ಶಕ್ತಿ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಪರಮಾಣುವಿನ ಶಕ್ತಿ ಅಳೆಯುವ ಮಾನ ಅದು). ಅಷ್ಟು ಎಲ್ಲಿಂದ ಬಂತು? ಚೂರುಗಳನ್ನು ಕೂಡಿಸಿದರೆ ತೂಕದಲ್ಲಿ ಪ್ರೋಟಾನಿನ ಐದನೇ ಒಂದು ಪಾಲು ಕಮ್ಮಿ ಬರುತ್ತದೆ. ಕಮ್ಮಿಯಾದ ತೂಕವೇ ಶಕ್ತಿಯಾಗುತ್ತದೆ; ಆ ಲೆಕ್ಕದಲ್ಲಿ ಒಂದಿಡೀ ಪ್ರೋಟಾನೆಂದರೆ 938 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಐದರಿಂದ ಭಾಗಿಸು, ನೋಡು. ಅರವತ್ತರ ಹೆಂಗಸು ಮರದ ದಿಮ್ಮಿಯ ಮೇಲೆ ಕೂತು ಚೀಟಿಯಲ್ಲಿ ಹಾಕಿದ ಲೆಕ್ಕ ಅದು.

ಬೈಯಲು ನಾನೇನು ಸಾಚಾ ಅಲ್ಲ. ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಮುಗಿದು ಎಷ್ಟೋ ವರ್ಷಕ್ಕೆ ಮುಳುಗಡೆಯ ಬಗ್ಗೆ ಲೇಖನ ಬರೆದೆ. ತುಳಸಿಕಟ್ಟೆ ತಬ್ಬಿ ಅಳುವ ಅಜ್ಜಿ ಇದ್ದಳು ಅದರಲ್ಲಿ. ಓದಿದವರೆಲ್ಲ ಹೊಗಳಿದರು. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಮುಳುಗಡೆಯವರೊಬ್ಬರು ಹಿಡಿದು ನಿಲ್ಲಿಸಿದರು. ‘ಯಾವ ಅಜ್ಜಿ ಮಾರಾಯ್ರೇ? ಅಳೋಕೆ ಪುರ್ಸೊತ್ತೆಲ್ಲಿತ್ತು, ನಾವು ಹೆಂಚು ಇಳಿಸ್ತಿದ್ವಿ.’ ಎಷ್ಟು ಹೆಂಚು, ಹೇಗೆ ಸಾಗಿಸಿದಿರಿ ಅಂತ ಆಗಲಾದರೂ ಕೇಳಬಹುದಿತ್ತು. ಬಸ್ ಬಂತು, ಹತ್ತಿಬಿಟ್ಟೆ.

ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಆ ನಾಲ್ಕು ಸಾಲು ತಿದ್ದಿ ಕಳಿಸು. ಲೆಕ್ಕ ಹಾಕಿದ ಹಾಳೆಯೂ ಜೊತೆಗಿರಲಿ, ಚಿತ್ತುಕಾಟಿದ್ದರೂ ಸರಿ.

ನಿನ್ನ ಅಣ್ಣ